ಕಣ್ಣಿಗೆ ಗ್ರೀಸ್

ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಅವಳು ಗ್ರೀಸ್ ಮೆತ್ತಿದ ಬೆರಳನ್ನು ಕಾರಿನ ಮುಂದಿನ ಕ್ಯಾಮೆರಾದ ಗಾಜಿಗೆ ಸವರಿದಳು.

ಚಾಲಕನಿಲ್ಲದೆ ಓಡುವ ಕಾರು. ಬೆಳಗಿನ ತಿಂಡಿ ಮುಗಿದೊಡನೆ ಕಂಪನಿಯ ಧಣಿ ಪತ್ರಕರ್ತರನ್ನು ಕೂರಿಸಿಕೊಂಡು ಅದರಲ್ಲಿ ಹೊರಡಲಿದ್ದ. ಸೇತುವೆಯಾಚೆಯ ತಿರುವಿನಲ್ಲಿ ಮನುಷ್ಯನಷ್ಟೆತ್ತರದ ಗೊಂಬೆ ನಿಲ್ಲಿಸಿದ್ದರು. ಅದನ್ನು ಕಂಡು ಕಾರು ತಾನಾಗಿ ನಿಲ್ಲುವುದನ್ನು ಊರಿಗೆ ಊರೇ ಟಿವಿಯಲ್ಲಿ ನೋಡಲಿತ್ತು. ನೋಡಲಿ, ಎಂದುಕೊಂಡಳು.

ಅದೇ ತಿರುವು. ಹೋದ ವರ್ಷ ಸ್ಟೀರಿಂಗ್ ಮುಂದೆ ಅವಳ ಗಂಡ ಕೂರುತ್ತಿದ್ದ, ಕಾರು ಎಡವಿದರೆ ಹಿಡಿದುಕೊಳ್ಳಲು. ಒಂದು ಸಂಜೆ ಕಾರು ರಸ್ತೆ ದಾಟುತ್ತಿದ್ದ ಮುದುಕನ ಮೇಲೆ ಹರಿಯಿತು. "ಎದುರು ಬಿಸಿಲಿಗೆ ಕಾರಿಗೆ ಅವರು ಕಾಣಲೇ ಇಲ್ಲ. ನಾನು ಬ್ರೇಕ್ ಒತ್ತೋದ್ರೊಳಗೆ ಮುಗಿದುಹೋಗಿತ್ತು," ಎಂದ ಗಂಡ. ಧಣಿ ನ್ಯಾಯಾಲಯದಲ್ಲಿ ತಣ್ಣಗೆ ನುಡಿದ: "ನಮ್ಮ ಕಾರಿಗೆ ಯಾವ ಹೊತ್ತಾದರೂ ಒಂದೇ. ಕಣ್ಣು ಮುಚ್ಚಿದ್ದು ಅವನು." ಗಂಡ ಜೈಲು ಸೇರಿದ. ಅತ್ತೆ ಆ ಕೊರಗಿನಲ್ಲೇ ಹೋದರು. ಇವಳು ಇಲ್ಲಿ ಕಾರು ತೊಳೆಯುವ ಕೆಲಸ ಹಿಡಿದಳು. ಬಕೆಟ್ ಹಿಡಿದವಳ ಗಂಡ ಯಾರೆಂದು ಯಾರೂ ಕೇಳಲಿಲ್ಲ. ಹಲ್ಲು ಕಚ್ಚಿಕೊಂಡು ಕಾದಳು.

ಗಾಜಿನ ಮೇಲಿನ ಗ್ರೀಸ್ ಕಂಪನಿಯ ಇಂಜಿನಿಯರ್ ಕಣ್ಣಿಗೆ ಬಿತ್ತು. "ಏನಮ್ಮಾ ಇದು! ಕಣ್ಣು ಎಲ್ಲಿಟ್ಟಿದ್ದೆ?" ಒಂದು ಕ್ಯಾಮೆರಾಕ್ಕೆ ಕೊಳೆ ಹತ್ತಿದರೂ ಎಲ್ಲವನ್ನೂ ಒರೆಸಿ ಒಂದೊಂದಾಗಿ ಮತ್ತೆ ಪರೀಕ್ಷಿಸಬೇಕು. ಅಲ್ಲಿನ ನಿಯಮವೇ ಹಾಗೆ.

ಮುಖ ಸಪ್ಪಗೆ ಮಾಡಿಕೊಂಡು ಒರೆಸಿದಳು, ಹಸುಗೂಸಿನ ಮುಖ ಒರೆಸುವಷ್ಟು ನಿಧಾನವಾಗಿ. ಅತಿಥಿಗಳು ಊಟ ಮಾಡಿದರು, ಆಕಳಿಸಿದರು. ಗ್ರೀಸಿನ ಡಬ್ಬಿ ಇನ್ನೂ ಅವಳ ಸೊಂಟದಲ್ಲೇ ಇತ್ತು.

ಕೊನೆಗೂ ಕಾರು ಸಿದ್ಧವಾಯಿತು. ಧಣಿ ಆಕಾಶ ನೋಡಿದ. "ಹೊತ್ತಾಯ್ತು. ನಾಳೆ ಬೆಳಿಗ್ಗೆ ಇಟ್ಕೊಳ್ಳೋಣ್ವಾ?"

"ಯಾಕೆ ಸರ್, ಗಾಡಿ ಮೇಲೆ ನಿಮಗೇ ನಂಬಿಕೆ ಇಲ್ವಾ?" ಪತ್ರಕರ್ತೆಯೊಬ್ಬಳು ನಕ್ಕಳು. ಟಿವಿಯವರೆಲ್ಲ ಅವನತ್ತ ತಿರುಗಿದರು.

ಧಣಿಗೆ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಸಿಟ್ಟನ್ನು ಕಾರು ತೊಳೆಯುವವಳ ಮೇಲೆ ತೀರಿಸಿದ. "ಸರಿಯಾಗಿ ಒರೆಸಿದೀಯಾ?"

"ಇನ್ನೂ ಕಾಣಲಿಲ್ಲ ಅಂದ್ರೆ ತಪ್ಪು ನನ್ನದಲ್ಲ ಸರ್."

ಕಾರು ಹೊರಟಿತು. ಅವಳು ಅಂಗಳದ ಟಿವಿ ಮುಂದೆ ನಿಂತಳು. ಹಿಂದಿನ ಸೀಟಿನಲ್ಲಿ ಧಣಿ ಕೊಚ್ಚಿಕೊಳ್ಳುತ್ತಿದ್ದ: "ನಾಳೆ ನಮ್ಮ ಮೊಮ್ಮಕ್ಕಳು ಸ್ಟೀರಿಂಗ್ ಅನ್ನೋದನ್ನ ಮ್ಯೂಸಿಯಂನಲ್ಲಿ ನೋಡ್ತಾರೆ." ಸೇತುವೆ ಬಂತು. ಅವನ ಮಾತು ತಡವರಿಸಿತು. ಕಾರು ತಿರುವಿಗೆ ಹೊರಳಿತು. ಗಾಜಿನ ತುಂಬ ಕೆಂಪು ಬಿಸಿಲು, ಅದರ ನಡುವೆ ಗೊಂಬೆ. ವೇಗ ಇಳಿಯಲಿಲ್ಲ.

ಧಣಿ ಮುಂದಿನ ಸೀಟುಗಳ ನಡುವೆ ನುಗ್ಗಿದ. "ಯಾರಾದ್ರೂ ಬ್ರೇಕ್ ಒತ್ರೋ! ಎದುರು ಬಿಸಿಲಲ್ಲಿ ಇದಕ್ಕೆ ಏನೂ ಕಾಣಲ್ಲ!"

ಗೊಂಬೆ ಹಾರಿ ಬಿತ್ತು. ಕಾರು ನಿಂತಿತು. ಪತ್ರಕರ್ತೆಯ ದನಿ ಸ್ಪಷ್ಟವಾಗಿ ಕೇಳಿಸಿತು: "ಇದು ನಿಮಗೆ ಯಾವಾಗಿಂದ ಗೊತ್ತು ಸರ್?"

ಕಾರು ವಾಪಸಾದೊಡನೆ ಇಂಜಿನಿಯರ್ ಕ್ಯಾಮೆರಾದತ್ತ ಓಡಿದ. "ಮತ್ತೆ ಗ್ರೀಸ್ ಹಚ್ಚಿದ್ದೀಯ, ಅಲ್ವಾ?" ಗಾಜಿನಲ್ಲಿ ಅವನ ಮುಖವೇ ಫಳಫಳ ಹೊಳೆಯಿತು. ಒಂದು ಕಲೆಯೂ ಇರಲಿಲ್ಲ.

ಬೆಳಗಿನ ಆ ಗ್ರೀಸ್ ಕಾರಿನ ಕಣ್ಣು ಮುಚ್ಚಲಿಕ್ಕಲ್ಲ, ಹೊರಡುವ ಹೊತ್ತನ್ನು ಸಂಜೆಗೆ ತಳ್ಳಲಿಕ್ಕೆ.