ಕಪ್ಪು ಕಾರಿನ ಬಣ್ಣ ಕೆಂಪು

ಕಪ್ಪು ಬಣ್ಣದ ಸಣ್ಣ ಎಸ್‌ಯುವಿಯ ಹಿಂಬಾಗಿಲಿಗೆ ಷೋರೂಮಿನ ಹುಡುಗಿ ಒಂದು ಸ್ಟಿಕ್ಕರ್ ಹಿಡಿದು ತೋರಿಸಿದಳು: ‘ಈ ಕಾರಿನ ಬಣ್ಣ ಕೆಂಪು.’

“ಗುರುವಾರ ಹುಟ್ಟಿದೋರಿಗೆ ಕಪ್ಪು ಆಗಿಬರಲ್ಲ, ನಿಜ ಅಕ್ಕಾ. ಇದನ್ನ ಅಂಟಿಸಿಬಿಟ್ರೆ ಆಯ್ತು. ನಮ್ಮ ಖೋನ್‌ಕೇನ್‌ನಲ್ಲಿ ಅರ್ಧ ಊರು ಹೀಗೇ ಓಡಾಡ್ತಿದೆ.”

“ಗ್ರಹಗಳು ಇದನ್ನ ಓದ್ತವಾ?” ಎಂದಳು ಮಲಿವನ್.

“ಓದೋದೇನು, ನಂಬ್ತವೆ ಕೂಡ!”

ಅವಳ ಗಂಡ ಪ್ರದಿತ್ ಆಗಲೇ ಪಕ್ಕದ ದೊಡ್ಡ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು, ಉಳಿದ ಜಾಗವನ್ನು ಅಂಗೈಯಿಂದ ಸವರುತ್ತಿದ್ದ. “ಸಣ್ಣದು ಬೇಡ ಕಣೇ. ನಾಳೆ ಮಕ್ಕಳಾದ್ರೆ ಸಾಲಲ್ಲ. ಇಲ್ನೋಡು, ಇನ್ನೂ ಇಬ್ರು ಆರಾಮಾಗಿ ಕೂರ್ಬೋದು.” ಮನೆ ಕೊಳ್ಳುವಾಗಲೂ, ಹಳೇ ಕಾರು ಕೊಳ್ಳುವಾಗಲೂ ಅವನು ಹೇಳಿದ್ದು ಇದೇ ಮಾತು. ಮಲಿವನ್‌ಗೆ ಈಗ ನಲವತ್ತೇಳು.

ಅವಳು ಸಣ್ಣ ಕಾರಿನ ಸ್ಟಿಯರಿಂಗ್ ಮುಂದೆ ಹೋಗಿ ಕೂತಳು. “ನಮಗೆ ಇದೇ ಇರ್ಲಿ. ಇನ್ನೊಂದು ಸ್ಟಿಕ್ಕರ್ ಮಾಡಿಸ್ಕೊಡ್ತೀಯೇನಮ್ಮಾ?”

“ಏನಂತ ಬರೆಸ್ಲಿ ಅಕ್ಕಾ?”

“ಈ ಕಾರು ತುಂಬಿದೆ ಅಂತ.”

ಹುಡುಗಿ ನಕ್ಕಳು. ಪ್ರದಿತ್ ನಗಲಿಲ್ಲ. ದೊಡ್ಡ ಗಾಡಿಯಿಂದ ಇಳಿದು, ಅದರ ಬಾಗಿಲನ್ನು ಸದ್ದಾಗದಂತೆ ಮುಚ್ಚಿ ಬಂದು, ಹೆಂಡತಿಯ ಪಕ್ಕದ ಸೀಟಿನಲ್ಲಿ ಕೂತ.