ತುಟಿಗೆ ಕೂತ ಮಾತು

ತೆರೆಯ ಮೇಲಿನ ಹೆಂಡತಿ ಬಾಯಿ ತೆರೆದಳು. ಅವಳಿಗೆ ದನಿ ಕೊಡುತ್ತಿದ್ದ ಕಂಠದಾನ ಕಲಾವಿದೆ ಕತ್ತಲ ಕೋಣೆಯಲ್ಲಿ ಮೈಕಿನ ಮುಂದೆ ನಿಂತು "ಅಮ್ಮಾ!" ಎಂದು ಕಿರುಚಿದಳು.

"ಕೂರಲಿಲ್ಲ ಮೇಡಂ," ಗಾಜಿನಾಚೆಯಿಂದ ಡಬ್ಬಿಂಗ್ ನಿರ್ದೇಶಕನ ದನಿ ಅವಳ ಹೆಡ್‌ಫೋನಿಗೆ ಬಂತು. "ಅಮ್ಮಾ ಅನ್ನೋಕೆ ತುಟಿ ಮುಚ್ಚಬೇಕು. ಆಯಮ್ಮ ತುಟಿ ಮುಚ್ಚೋದೇ ಇಲ್ಲ, ನೋಡಿ. ಸಾಲದ್ದಕ್ಕೆ ನಿಮ್ಮ ಕೂಗಲ್ಲಿ ಭಯಾನೇ ಇಲ್ಲ. ಒಲೆ ಮೇಲೆ ಹಾಲು ಉಕ್ಕಿತು ಅನ್ನೋ ಹಾಗಿದೆ."

ಬೇರೆ ಭಾಷೆಯಿಂದ ಬಂದ ದೆವ್ವದ ಚಿತ್ರ ಅದು. ಗಂಡ ಹೆಂಡತಿ ಮಾತು ಬಿಟ್ಟ ಒಂದು ಮನೆಗೆ, ಗಂಡನದೇ ರೂಪದ ಇನ್ನೊಬ್ಬ ಬಂದು ಸೇರಿಕೊಳ್ಳುತ್ತಾನೆ. ಊಟದ ಮೇಜಿನ ಎದುರು ಕೂತವನು ಯಾರೆಂದು ಹೆಂಡತಿಗೆ ತಿಳಿಯುವುದಿಲ್ಲ. ಕೇಳೋಣವೆಂದರೆ ಮಾತೇ ಇಲ್ಲ.

"ನಿಮಗೆ ಹೇಗೆ ಅರ್ಥ ಆಗಬೇಕು ಬಿಡಿ," ಇನ್ನೂ ಮದುವೆಯಾಗದ ನಿರ್ದೇಶಕ ಮುಂದುವರಿಸಿದ. "ಗಂಡ ಹೆಂಡ್ತಿ ಒಂದೇ ಕಡೆ ಕೆಲಸ, ಹಾಲು ಜೇನಿನ ಹಾಗಿದ್ದೀರಿ. ಮುರಿದ ಸಂಸಾರ ಅಂದ್ರೆ ಏನು ಅಂತ ಸ್ವಲ್ಪ ಊಹೆ ಮಾಡ್ಕೊಳ್ಳಿ."

ಅವನ ಪಕ್ಕದಲ್ಲಿ ಕೂತಿದ್ದ ಸೌಂಡ್ ಎಂಜಿನಿಯರ್, ಎಂದರೆ ಅವಳ ಗಂಡ, ತಲೆ ತಗ್ಗಿಸಿ ಯಾವುದೋ ಗುಂಡಿ ತಿರುಗಿಸಿದ. ಸಂಜೆ ಕೆಲಸ ಮುಗಿಸಿಕೊಂಡು ಇಬ್ಬರೂ ವಕೀಲರ ಬಳಿ ಹೋಗಿ ವಿಚ್ಛೇದನದ ಅರ್ಜಿಗೆ ಸಹಿ ಹಾಕುವುದಿತ್ತು. ಅಂಥ ದೊಡ್ಡ ಕಾರಣವೇನಿರಲಿಲ್ಲ. ಜಗಳ ಆಡಿ ಆಡಿ, ಕೊನೆಗೆ ಜಗಳಕ್ಕೂ ಬೇಸರ ಬಂದು ಮಾತು ನಿಂತಿತ್ತು. ಮನೆಯಲ್ಲಿ ತಟ್ಟೆ ಕುಕ್ಕಿದರೆ ಊಟಕ್ಕೆ ಬನ್ನಿ ಎಂದರ್ಥ, ಬಾಗಿಲು ಬಡಿದರೆ ಹೋಗಿಬರುತ್ತೇನೆ ಎಂದರ್ಥ. ಸ್ಟುಡಿಯೋದಲ್ಲಿ ಅವನು ಅವಳನ್ನು 'ಮೇಡಂ' ಎನ್ನುತ್ತಿದ್ದ. ಅವಳಂತೂ ಅವನನ್ನು ಕರೆದು ಯಾವ ಕಾಲವಾಗಿತ್ತೋ.

ಆದರೂ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಅವಳು ಬರುವಷ್ಟರಲ್ಲಿ ಮೈಕು ಅವಳ ಬಾಯಿಯ ಎತ್ತರಕ್ಕೆ ಇಳಿದಿರುತ್ತಿತ್ತು, ಫ್ಲಾಸ್ಕಿನಲ್ಲಿ ಬಿಸಿನೀರು ಇರುತ್ತಿತ್ತು. ಚಿತ್ರದಲ್ಲಿ ಢಮಾರೆಂದು ಏನಾದರೂ ಸಿಡಿಯುವ ಮುಂಚೆ ಅವಳ ಹೆಡ್‌ಫೋನಿನಲ್ಲಿ ಮಾತ್ರ ಸದ್ದು ತಗ್ಗುತ್ತಿತ್ತು. ಅವಳು ಎಂಥ ಪುಕ್ಕಲಿ ಎಂಬುದು ಅವನಿಗಲ್ಲದೆ ಇನ್ಯಾರಿಗೆ ಗೊತ್ತು? ಬಿಟ್ಟುಹೋಗುವವಳಿಗೆ ಇಷ್ಟೆಲ್ಲ ಮಾಡಬೇಕೆಂಬ ಕಾನೂನಿಲ್ಲ. ಥ್ಯಾಂಕ್ಸ್ ಹೇಳಬೇಕೆಂದು ಅವಳ ಬಾಯಿತನಕ ಬರುತ್ತಿತ್ತು. ಕಟ್ಟಿಕೊಂಡ ಗಂಡನಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರೆಯೇ ಎಂದು ನಾಚಿಕೆಯಾಗಿ ನುಂಗಿಕೊಳ್ಳುತ್ತಿದ್ದಳು.

"ಬರೆದಿರೋದನ್ನ ಬಿಟ್ಹಾಕಿ ಮೇಡಂ. ಬಾಯಿಗೆ ಏನು ಬರುತ್ತೋ ಅದನ್ನೇ ಕೂಗಿ," ಎಂದ ನಿರ್ದೇಶಕ. ಆಮೇಲೆ ಪಕ್ಕಕ್ಕೆ ತಿರುಗಿ, "ಸರ್, ಅವರಿಗೆ ಸೌಂಡ್ ಯಾಕೆ ಕಡಿಮೆ ಮಾಡ್ತೀರಿ? ಪೂರ್ತಿ ಕೊಡಿ."

"ಹೆದರ್ಕೋತಾಳೆ."

"ಅದೇ ತಾನೇ ಸ್ವಾಮಿ ಬೇಕಾಗಿರೋದು!"

ದೀಪ ಆರಿತು. ತೆರೆಯ ಮೇಲೆ ಆ ಮನೆಯ ಕತ್ತಲ ಪಡಸಾಲೆ. ಹೆಂಡತಿ ತಿರುಗಿ ನೋಡುತ್ತಾಳೆ. ಇಬ್ಬರು ಗಂಡಂದಿರು ಅಕ್ಕಪಕ್ಕ ನಿಂತು ಒಂದೇ ಥರ ನಗುತ್ತಿದ್ದಾರೆ. ಕಿವಿಯಲ್ಲಿ ಸಿಡಿಲು ಹೊಡೆದಂತಾಯಿತು. ಕಲಾವಿದೆಯ ಜೀವ ಬಾಯಿಗೆ ಬಂತು.

"ರೀ!"

"ಏನೇ? ಇರು, ಬಂದೆ!"

ಗಾಜಿನಾಚೆ ಕುರ್ಚಿ ಉರುಳಿತು. ಕೋಣೆಯ ದಪ್ಪ ಬಾಗಿಲು ತಳ್ಳಿಕೊಂಡು ಬಂದು ಅವನು ಅವಳೆದುರು ನಿಂತ. ಕುತ್ತಿಗೆಯಲ್ಲಿ ಹೆಡ್‌ಫೋನ್, ಅದರಿಂದ ಕಿತ್ತು ಬಂದ ವೈರು ನೆಲದ ಮೇಲೆ. ಆಚೆ ನಿರ್ದೇಶಕ ಬಾಯಿ ಬಡಿದುಕೊಳ್ಳುತ್ತಿದ್ದ. ಇಲ್ಲಿಗೆ ಅವನ ದನಿ ಕೇಳುತ್ತಿರಲಿಲ್ಲ, ಸದ್ಯ.

"ಏನಾಯ್ತೇ?"

"ಏನಿಲ್ಲ. ಸಿನಿಮಾ."

"ಹೂಂ... ಸಿನಿಮಾ ಅಲ್ವಾ." ಅವನು ಹಣೆಯ ಬೆವರು ಒರೆಸಿಕೊಂಡ. ಹೊರಡಲು ತಿರುಗಿದವನು ಮತ್ತೆ ನಿಂತ. "ಥ್ಯಾಂಕ್ಸ್ ಕಣೇ."

"ನೀವ್ಯಾಕ್ರೀ ಹೇಳ್ತೀರಿ? ಓಡಿ ಬಂದೋರು ನೀವು."

"ನೀನು ಕರೆದೆಯಲ್ಲ, ಅದಕ್ಕೆ."

ಹೆಸರೂ ಗೊತ್ತಿಲ್ಲದ ಆ ಪರಭಾಷೆಯ ನಟಿಗೆ, ಮುಚ್ಚಲೊಲ್ಲದ ಅವಳ ತುಟಿಗೆ, ಅಷ್ಟೇ ಏಕೆ, ಗಂಡನ ವೇಷ ಹಾಕಿ ಬಂದ ಆ ದೆವ್ವಕ್ಕೂ ಅವಳು ಮನಸ್ಸಿನಲ್ಲೇ ಕೈಮುಗಿದಳು. ಪುಣ್ಯ ಕಟ್ಟಿಕೊಂಡೆಯಪ್ಪಾ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದುಕೊಂಡಳು.

ವೈರು ಸಿಕ್ಕಿಸಿ, ಕೂಗನ್ನು ಚಿತ್ರಕ್ಕೆ ಹಚ್ಚಿ ಹಾಕಿ ನೋಡಿದಾಗ ನಿರ್ದೇಶಕ ಕುಣಿದಾಡಿಬಿಟ್ಟ. "ರೀ! ಆ ತುಟಿಗೆ ಹೇಳಿ ಮಾಡಿಸಿದ ಹಾಗೆ ಕೂತಿದೆ ಮೇಡಂ! ಆದರೆ ಅದರ ಬೆನ್ನಿಗೇ 'ಇರು, ಬಂದೆ' ಅಂತ ಸರ್ ದನಿ ಹೆಡ್‌ಫೋನಿಂದ ಸೋರಿ ಮೈಕಿಗೆ ಬಿದ್ದಿದೆ. ಸರ್, ಆ ಮನೇಲಿ ಆಕೆ ಕೂಗಿದ್ರೆ ಬರೋರು ಯಾರೂ ಇಲ್ಲ. ಕಥೇನೇ ಅದು! ನಡೀರಿ, ಇನ್ನೊಂದ್ಸಲ ತಗೊಳ್ಳೋಣ."

ಮತ್ತೆ ದೀಪ ಆರಿತು. ಮತ್ತೆ ಆ ಪಡಸಾಲೆ, ಆ ಇಬ್ಬರ ನಗು, ಕಿವಿ ಕಿತ್ತುಹೋಗುವಂಥ ಸದ್ದು. ಅವಳು ಬಾಯಿ ತೆರೆದು "ರೀ..." ಎಂದಳು. ಒಗ್ಗರಣೆಗಿಟ್ಟು ಪಕ್ಕದ ಕೋಣೆಯಲ್ಲಿದ್ದವರನ್ನು ಕರೆದಂತಿತ್ತು. ಇನ್ನೊಮ್ಮೆ ಕೂಗಿದಳು, ಈ ಸಲ ಕೊನೆಯಲ್ಲಿ ನಗುವೂ ಸೇರಿತು.

ನಿರ್ದೇಶಕ ತಲೆ ಮೇಲೆ ಕೈಹೊತ್ತು ಕೂತ. "ಭಯ ಮೇಡಂ, ಭಯ! ಈಗ ತಾನೇ ಅಷ್ಟೊಂದಿತ್ತಲ್ಲ, ಎಲ್ಲಿ ಹೋಯ್ತು?"

ಅವಳು ಗಾಜಿನಾಚೆ ನೋಡಿದಳು.

"ಹೇಗೆ ಬರುತ್ತೆ ಸರ್? ಇವರು ಇಲ್ಲೇ ಇದ್ದಾರಲ್ಲ."