ಮೂರನೇ ಹೂವು

ಹೂವು ಎಡಗಡೆಗೆ ಬಿತ್ತು. ಅರಕೆರೆಯ ಅಮ್ಮನವರ ಗುಡಿಯಲ್ಲಿ ಕೈ ಮುಗಿದು ನಿಂತಿದ್ದ ದ್ಯಾವಮ್ಮ, "ಆಯ್ತಲ್ಲ, ಬ್ಯಾಡ ಅಂದ್ಬುಟ್ಲು ತಾಯಿ. ನಡಿ ಮನೆಗೆ" ಎಂದು ಸೆರಗು ಕೊಡವಿಕೊಂಡು ಹೊರಟೇಬಿಟ್ಟಳು. ಬಲಗಡೆ ಹೂವಾದರೆ ಅವಳು ಎದೆ ಆಪರೇಷನ್ನಿಗೆ ಒಪ್ಪುವುದು, ಎಡಗಡೆಯಾದರೆ ಇಲ್ಲ ಎಂದು ಮನೆಯಲ್ಲಿ ಮೊದಲೇ ಮಾತಾಗಿತ್ತು. ಇನ್ನು ತಡಮಾಡಿದರೆ ಜೀವಕ್ಕೇ ಅಪಾಯ ಎಂದು ಮೈಸೂರಿನ ಡಾಕ್ಟರು ಹೇಳಿದ್ದನ್ನು ಮಾತ್ರ ಅವಳು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದಳು. ಹಟ ಅಂದರೆ ಹಟ!

ಮೊಮ್ಮಗಳು ಮೇಘನ ಅಡ್ಡ ಬಂದಳು. "ಅಜ್ಜೀ, ನಿಂತ್ಕೊ. ಇನ್ನೊಂದ್ಸಲ ಕೇಳು."

"ಒಂದ್ಸಲ ಕೇಳಿದ್ಮೇಲೆ ಮುಗೀತು ಕಣವ್ವ. ಅವಳೇನು ನಿನ್ ಕಂಪ್ಯೂಟ್ರಾ, ಬಟನ್ ಒತ್ತುತ್ಲೇ ಇರಕ್ಕೆ?"

ವಿಶ್ವ ಇನ್ನೂ ಎಳೆಯದಾಗಿದ್ದಾಗ ಮೊದಮೊದಲ ಗ್ಯಾಲಕ್ಸಿಗಳು ಹೇಗೆ ಹುಟ್ಟಿದವು ಎಂಬುದನ್ನು ಕಂಪ್ಯೂಟರಿನಲ್ಲಿ ಮಾಡಿ ನೋಡುವುದೇ ಮೇಘನಳ ಸಂಶೋಧನೆ. ಅದನ್ನು ಅಜ್ಜಿಗೆ ತಿಳಿಸಲು ಹೋಗಿ ಎಷ್ಟೋ ಸಲ ಸೋತಿದ್ದಳು. ಇವತ್ತು ಸೋಲುವ ಹಾಗಿರಲಿಲ್ಲ. ಅಜ್ಜಿಯನ್ನು ಗುಡಿಯ ಜಗಲಿಯ ಮೇಲೆ ಕೂರಿಸಿ ಫೋನು ತೆಗೆದು ತೋರಿಸಿದಳು. ಕತ್ತಲೆಯಲ್ಲಿ ತೆಳ್ಳಗೆ ಹೊಗೆಯಂಥದ್ದು ಹರಡಿತ್ತು. ಅದು ಅಲ್ಲಲ್ಲಿ ಗಂಟುಕಟ್ಟಿ, ಗಂಟುಗಳಲ್ಲಿ ಬೆಳಕು ಹೊತ್ತಿಕೊಂಡಿತು.

"ನೋಡಜ್ಜಿ, ನಕ್ಷತ್ರಗಳು ಇಂಗೆ ಊರು ಕಟ್ಕೊಂಡ್ವು. ಶುರುನಲ್ಲೇ ಒಂಚೂರು ಅತ್ತಿತ್ತ ಮಾಡಿದ್ರೆ ಊರು ಬೇರೆ ಕಡೆ ಏಳ್ತದೆ. ಅದಕ್ಕೆ ಒಂದು ಸಲ ಬಂದಿದ್ದನ್ನ ನಾವು ನಂಬಲ್ಲ, ಕಂಪ್ಯೂಟರ್‌ನಲ್ಲಿ ಮತ್ತೆ ಮತ್ತೆ ಓಡಿಸ್ತೀವಿ. ಯಾವುದು ಹೆಚ್ಚು ಸಲ ಬರ್ತದೋ ಅದೇ ಲೆಕ್ಕ. ಒಂದೇ ಸಲ ಓಡಿಸಿ ಬರ್ಕೊಂಡೋದ್ರೆ ನಮ್ ಗೈಡ್ ಮೇಡಂ ಉಗೀತಾರೆ."

ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿದಳು. "ಓಹೋ, ದ್ಯಾವ್ರು ಮಾಡಿದ್ದನ್ನ ನೀವು ತಿರುಗ ಮಾಡ್ತಿದ್ದೀರಾ? ಅವ್ನು ಎಷ್ಟು ಸಲ ಮಾಡ್ದ?"

"ಒಂದೇ ಸಲ" ಎಂದು ಮೇಘನ ನಾಲಿಗೆ ಕಚ್ಚಿಕೊಂಡಳು.

"ಅಂಗಾರೆ ಅವನ್ಗೂ ಉಗೀಬೇಕು ಬುಡು, ನಿಮ್ ಮೇಡಮ್ಮು!" ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು. ನಗುತ್ತಲೇ ಎದ್ದು, ಇನ್ನೊಂದು ಸಲ ಕೇಳಲು ಒಳಗೆ ಬಂದಳು.

"ಇದೇನು ದ್ಯಾವಮ್ಮ, ಹೂ ಕೇಳೋದು ಅಂದ್ರೆ ಮಕ್ಕಳಾಟವಾ?" ಎಂದು ಸಿಡುಕುತ್ತಲೇ ಪೂಜಾರಿ ಚಲುವಯ್ಯ ಮತ್ತೆ ಹೂವೇರಿಸಿ ಆರತಿ ಎತ್ತಿದ. ಎರಡನೆಯದೂ ಎಡಕ್ಕೇ ಬಿತ್ತು.

ಮೇಘನಳ ಕಣ್ಣಲ್ಲಿ ನೀರಾಡಿತು. ಗುಡಿಗೆ ಬಂದರೂ ಕಂಬಕ್ಕೊರಗಿ ಫೋನು ನೋಡುತ್ತಾ ನಿಲ್ಲುವ ಹುಡುಗಿ ಅವಳು. ಈಗ ಹೊಸಲಿಗೆ ಹಣೆ ಹಚ್ಚಿ, "ತಾಯೀ, ನಮ್ಮಜ್ಜಿ ಬೇಕು ನಂಗೆ" ಎಂದು ಎಲ್ಲರಿಗೂ ಕೇಳುವ ಹಾಗೆ ಅಂದುಬಿಟ್ಟಳು. ಚಲುವಯ್ಯ ಮೂರನೇ ಸಲ ಹೂವೇರಿಸಿದ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅಮ್ಮನವರ ಬಲಭುಜದ ಮೇಲಿದ್ದ ಸೇವಂತಿಗೆಯೊಂದು ಮೆಲ್ಲಗೆ ಜಾರಿತು.

"ಬಲಕ್ಕೆ! ಅಜ್ಜೀ, ಬಲಕ್ಕೆ!"

"ಕಂಡೆ ಕಣವ್ವ. ಎಡಕ್ಕೆ ಎರಡಾಯ್ತು, ಬಲಕ್ಕೆ ಒಂದಾಯ್ತು. ನಿಮ್ ಲೆಕ್ಕದಾಗೆ ಯಾವ್ದಮ್ಮಿ ಹೆಚ್ಚು?"

ಮೇಘನ ಅಳತೊಡಗಿದಳು. ತಾನೇ ಹೇಳಿಕೊಟ್ಟ ಲೆಕ್ಕ, ಈಗ ಇಲ್ಲ ಅನ್ನುವುದು ಹೇಗೆ?

ಪೂಜಾರಿ ತಂದುಕೊಟ್ಟ ಹೂವನ್ನು ದ್ಯಾವಮ್ಮ ಕಣ್ಣಿಗೊತ್ತಿಕೊಂಡು ಮೊಮ್ಮಗಳ ಜಡೆಗೆ ಸಿಕ್ಕಿಸಿದಳು.

"ಅಳಬ್ಯಾಡ. ಆ ಎರಡು, ನಾನು ಕೇಳಿದ್ದಕ್ಕೆ ಬಿದ್ದಿದ್ದು. ಈ ಮೂರನೇದು, ನೀನು ಕೇಳಿದ್ದಕ್ಕೆ. ನಂಗೆ ಸಾಯಕ್ಕೆ ಬುಟ್ಟವ್ಳೆ, ನಿಂಗೆ ನನ್ನ ಕಳ್ಕೊಳಕ್ಕೆ ಬುಟ್ಟಿಲ್ಲ. ನಡಿ, ಆಸ್ಪತ್ರೆಗೆ ಓಗಾನ."